ಸೆಕೆಗಾಲದ ಕೈತೋಟ: ಕರಾವಳಿಯ ಬೇಸಿಗೆಯಲ್ಲಿ ಏನು ಬೆಳೆಯುತ್ತದೆ, ಯಾಕೆ?

ಏಪ್ರಿಲ್ ಬಂತೆಂದರೆ ಮಂಗಳೂರು, ಉಡುಪಿ, ಕುಂದಾಪುರ, ಕಾರವಾರದ ಕಡೆ ಕೈತೋಟ ಮಾಡುವವರು ಹೆಚ್ಚುಕಡಿಮೆ ಒಂದೇ ದೂರು ಹೇಳುತ್ತಾರೆ. ಟೊಮೆಟೊ ಗಿಡ ಸೊಂಪಾಗಿ ಬಂದಿದೆ, ಗೊಂಚಲು ಗೊಂಚಲು ಹೂವಿದೆ, ಕಾಯಿ ಮಾತ್ರ ಕಚ್ಚುತ್ತಿಲ್ಲ. ನೀರು ಸಾಲದೇನೋ ಅಂತ ಇನ್ನೊಂದು ಕೊಡ ಸುರಿಯುತ್ತಾರೆ. ಗೊಬ್ಬರ ಸಾಲದೇನೋ ಅಂತ ಇನ್ನೊಂದು ಹಿಡಿ ಹಾಕುತ್ತಾರೆ. ಬಿಸಿಲು ಜಾಸ್ತಿಯಾಯಿತೇನೋ ಅಂತ ಮೇಲೆ ಬಲೆ ಕಟ್ಟುತ್ತಾರೆ. ಆದರೂ ಹೂವು ಉದುರುವುದು ನಿಲ್ಲುವುದಿಲ್ಲ.

ಇದರಲ್ಲಿ ಬೆಳೆದವರ ತಪ್ಪೇನೂ ಇಲ್ಲ. ಟೊಮೆಟೊ ಸೋಲುತ್ತಿರುವುದು ಮಧ್ಯಾಹ್ನದ ಬಿಸಿಲಿಗಲ್ಲ, ರಾತ್ರಿಯ ಸೆಕೆಗೆ. ಇದೊಂದು ಅರ್ಥವಾದರೆ ಕರಾವಳಿಯ ಬೇಸಿಗೆ ತೋಟದ ಅರ್ಧ ಗೊಂದಲ ಹೋಗುತ್ತದೆ.

ಬೆಂಗಳೂರಿನ ಜೊತೆ ಹೋಲಿಸಿ ನೋಡಿ. ಏಪ್ರಿಲ್‌ನಲ್ಲಿ ಎರಡೂ ಕಡೆ ಹಗಲಿನ ಗರಿಷ್ಠ ಉಷ್ಣಾಂಶ 34 ಡಿಗ್ರಿ ಆಸುಪಾಸಿನಲ್ಲೇ ಇರುತ್ತದೆ. ಆದರೆ ಬೆಂಗಳೂರಿನಲ್ಲಿ ರಾತ್ರಿ 22 ಡಿಗ್ರಿಗೆ ಇಳಿಯುತ್ತದೆ, ಮಂಗಳೂರಿನಲ್ಲಿ 25–26ರ ಕೆಳಗೆ ಇಳಿಯುವುದೇ ಕಷ್ಟ. ಮಧ್ಯಾಹ್ನದ ತೇವಾಂಶ ಅಲ್ಲಿ ಶೇಕಡಾ 30–40 ಇದ್ದರೆ ಇಲ್ಲಿ 60ರ ಮೇಲೆ. ಬಿಸಿಲು ಒಂದೇ ರೀತಿ ಕಂಡರೂ ಗಿಡಕ್ಕೆ ಇವು ಎರಡು ಬೇರೆ ಬೇರೆ ಹವೆಗಳು. ನಮ್ಮಲ್ಲಿ ಓಡಾಡುವ ತೋಟಗಾರಿಕೆ ಸಲಹೆಗಳಲ್ಲಿ ಹೆಚ್ಚಿನವು ಬಯಲುಸೀಮೆಯಿಂದಲೋ ಉತ್ತರ ಭಾರತದಿಂದಲೋ ಬಂದವು, ಒಣ ಬಿಸಿಲಿಗೆ ಹೇಳಿದವು. ಅವನ್ನು ಹಾಗೇ ಇಲ್ಲಿ ಮಾಡಿದರೆ ಕೆಲವು ಸುಮ್ನೆ ದಂಡ, ಕೆಲವು ಗಿಡಕ್ಕೇ ಕೆಟ್ಟದ್ದು. ಮುಂಬೈ, ಗೋವಾ, ಚೆನ್ನೈನಲ್ಲಿ ಬಾಲ್ಕನಿಯಲ್ಲಿ ಗಿಡ ಇಟ್ಟುಕೊಂಡಿರುವ ನಮ್ಮವರಿಗೂ ಇದೇ ಮಾತು. ಅಲ್ಲಿನದೂ ಕಡಲ ಪಕ್ಕದ ಸೆಕೆಯೇ.

ಎಲೆಗೂ ಬೆವರು ಆರಬೇಕು

ಎಲೆಯ ಅಡಿಭಾಗದಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ರಂಧ್ರಗಳಿವೆ. ಅವುಗಳ ಮೂಲಕ ನೀರು ಆವಿಯಾಗಿ ಹೊರಗೆ ಹೋಗುತ್ತಿರುತ್ತದೆ. ಆವಿಯಾಗುವಾಗ ಶಾಖವನ್ನೂ ಕೊಂಡೊಯ್ಯುವುದರಿಂದ ಎಲೆ ತಂಪಾಗುತ್ತದೆ. ನಮ್ಮ ಮೈ ಬೆವರಿನಿಂದ ತಂಪಾಗುವುದೂ ಹೀಗೇ. ಗಾಳಿ ಒಣಗಿದ್ದರೆ ಬೆವರು ಬೇಗ ಆರುತ್ತದೆ, ಹಾಯೆನಿಸುತ್ತದೆ. ಗಾಳಿಯಲ್ಲೇ ನೀರು ತುಂಬಿದ್ದರೆ ಬೆವರು ಮೈಮೇಲೇ ಅಂಟಿಕೊಂಡಿರುತ್ತದೆ, ಎಷ್ಟು ಬೆವರಿದರೂ ತಂಪಿಲ್ಲ. ಸೆಕೆಗಾಲದಲ್ಲಿ ಎಲೆಯ ಪಾಡೂ ಅದೇ. ಬೇರಿನಲ್ಲಿ ನೀರು ಬೇಕಾದಷ್ಟಿದ್ದರೂ ಎಲೆಗೆ ತಣಿಯಲು ಆಗುವುದಿಲ್ಲ.

ಆದ್ದರಿಂದ ಒಣ ಊರುಗಳಲ್ಲಿ ಚೆನ್ನಾಗಿ ಕೆಲಸ ಮಾಡುವ ಒಂದು ಉಪಾಯ ಇಲ್ಲಿ ಕೈಕೊಡುತ್ತದೆ. ಮಧ್ಯಾಹ್ನ ಎಲೆಗಳ ಮೇಲೆ ನೀರು ಚಿಮುಕಿಸುವುದು, ಮಂಜಿನಂತೆ ನೀರು ಹಾರಿಸುವ ಯಂತ್ರ ಕೂರಿಸುವುದು ಇವೆಲ್ಲ ಕೆಲಸ ಮಾಡುವುದು ನೀರು ಬೇಗ ಆವಿಯಾದರೆ ಮಾತ್ರ. ಇಲ್ಲಿ ಆ ನೀರು ಎಲೆ ಮೇಲೆ ಕೂತು ಶಿಲೀಂಧ್ರಕ್ಕೆ ಹಾಸಿಗೆಯಾಗುತ್ತದೆ. ಸೆಕೆಗೆ ಬೇಕಾದ್ದು ಗಾಳಿಯ ಓಡಾಟ. ಬೀಸುವ ಗಾಳಿ ಎಲೆಗೆ ಅಂಟಿದ ತೇವದ ಪದರವನ್ನು ತಳ್ಳಿ ಹಾಕುತ್ತದೆ, ಆವಿಯಾಗಲು ದಾರಿ ಮಾಡಿಕೊಡುತ್ತದೆ. ಹಾಗಾಗಿ ಪುಸ್ತಕದಲ್ಲಿ ಗಿಡದಿಂದ ಗಿಡಕ್ಕೆ ಒಂದು ಅಡಿ ಎಂದಿದ್ದರೆ ಇಲ್ಲಿ ಒಂದೂವರೆ ಅಡಿ ಬಿಡಿ. ನೆಲದಿಂದ ಒಂದು ಗೇಣಿನವರೆಗಿನ ಎಲೆಗಳನ್ನು ಬದನೆ, ಬೆಂಡೆ, ಮೆಣಸು ಬೆಳೆದ ಹಾಗೆಲ್ಲ ತೆಗೆಯುತ್ತಾ ಬನ್ನಿ. ಜಾಗ ಕಡಿಮೆ ಇದೆ ಎಂದು ಹತ್ತು ಕುಂಡ ಒತ್ತೊತ್ತಿಗೆ ಇಡುವುದಕ್ಕಿಂತ ಆರು ಕುಂಡ ಬಿಡುಬಿಡಾಗಿ ಇಟ್ಟರೆ ಕೊಯ್ಲು ಜಾಸ್ತಿ ಸಿಗುತ್ತದೆ.

ನೆರಳು ಬಲೆಯ ವಿಷಯವೂ ಇಲ್ಲೇ ಬರುತ್ತದೆ. ಕಾಯಿ ಬಿಡುವ ಗಿಡಕ್ಕೆ ದಿನಕ್ಕೆ ಆರು ಗಂಟೆಯಾದರೂ ಬಿಸಿಲು ಬೇಕೇ ಬೇಕು. ತಾರಸಿಯಲ್ಲಿ ಮಧ್ಯಾಹ್ನದ ನಂತರ ಪಶ್ಚಿಮದ ಬಿಸಿಲು ಚುರುಕಾಗಿ ಬೀಳುವ ಕಡೆಗೆ ಶೇಕಡಾ 35ರಷ್ಟು ಬಿಸಿಲು ತಡೆಯುವ ಬಲೆ ಸಾಕು, 50 ದಾಟುವುದು ಬೇಡ. ಅದನ್ನು ಗಿಡದ ತಲೆಗೆ ತಾಗುವಂತೆ ಕಟ್ಟಬಾರದು. ಸಾಕಷ್ಟು ಎತ್ತರದಲ್ಲಿ ಕಟ್ಟಿ, ನಾಲ್ಕೂ ಬದಿ ತೆರೆದಿಡಬೇಕು. ಬದಿಗಳನ್ನೂ ಮುಚ್ಚಿದರೆ ಒಳಗೆ ಗಾಳಿ ನಿಂತು, ಹೊರಗಿನದಕ್ಕಿಂತ ಜಾಸ್ತಿ ಸೆಕೆಯಾಗುತ್ತದೆ.

ಆವಿಯಾಗುವುದು ನಿಧಾನವಾದರೆ ಇನ್ನೊಂದು ತೊಂದರೆಯೂ ಇದೆ. ಮಣ್ಣಿನ ಸುಣ್ಣದ ಅಂಶ, ಅಂದರೆ ಕ್ಯಾಲ್ಸಿಯಂ, ನೀರಿನ ಹರಿವಿನ ಜೊತೆಗೇ ಮೇಲಕ್ಕೆ ಹೋಗಬೇಕು. ಎಲೆಯಿಂದ ನೀರು ಹೊರಹೋಗದಿದ್ದರೆ ಕೆಳಗಿನಿಂದ ಹರಿವೂ ಮಂದವಾಗುತ್ತದೆ. ಸಿಗುವ ಸ್ವಲ್ಪವೂ ಎಲೆಗೇ ಹೋಗಿ ಕಾಯಿಗೆ ಕೊರತೆ. ಟೊಮೆಟೊ ಕಾಯಿಯ ತಳ ಕಪ್ಪಾಗಿ ಚರ್ಮದಂತೆ ಒಳಗೆ ಕುಸಿಯುವುದನ್ನು ನೋಡಿರುತ್ತೀರಿ, ಅಲ್ವಾ? ಅದು ರೋಗವಲ್ಲ, ಔಷಧಿ ಹೊಡೆದರೆ ವಾಸಿಯಾಗುವುದೂ ಇಲ್ಲ. ಒಂದು ದಿನ ಕೆಸರು, ಇನ್ನೊಂದು ದಿನ ಒಣ ಮಣ್ಣು ಎಂಬಂತೆ ಆಗದೆ ತೇವ ಒಂದೇ ಹದದಲ್ಲಿದ್ದರೆ, ಮಣ್ಣಿಗೆ ಸುಣ್ಣ ಮೊದಲೇ ಸೇರಿಸಿದ್ದರೆ ಕಡಿಮೆಯಾಗುತ್ತದೆ.

ರಾತ್ರಿ ನಡೆಯುವುದು

ಗಿಡ ಹಗಲಿಡೀ ಬೆಳಕಿನಲ್ಲಿ ಸಕ್ಕರೆ ತಯಾರಿಸುತ್ತದೆ. ರಾತ್ರಿ ಬೆಳಕಿಲ್ಲ, ಆದರೆ ಉಸಿರಾಟ ನಿಲ್ಲುವುದಿಲ್ಲ. ಉಸಿರಾಡಲು ಹಗಲಿನ ಸಕ್ಕರೆಯನ್ನೇ ಖರ್ಚು ಮಾಡುತ್ತದೆ. ಉಷ್ಣಾಂಶ 10 ಡಿಗ್ರಿ ಏರಿದರೆ ಈ ಖರ್ಚು ಸುಮಾರು ಎರಡು ಪಟ್ಟಾಗುತ್ತದೆ. ರಾತ್ರಿ ತಂಪಾಗುವ ಊರಿನಲ್ಲಿ ಉಳಿತಾಯ ಹೆಚ್ಚು, ಆ ಉಳಿತಾಯ ಕಾಯಿಗೆ ಹೋಗುತ್ತದೆ. ಸೆಕೆಯ ರಾತ್ರಿಯಲ್ಲಿ ದುಡಿದದ್ದೆಲ್ಲ ಉಸಿರಿಗೇ ಹೋಗುತ್ತದೆ. ಆಗ ಗಿಡ ಮೊದಲು ಕೈಬಿಡುವುದು ಹೂವನ್ನು.

ಟೊಮೆಟೊಗೆ ಇದರ ಮೇಲೆ ಇನ್ನೊಂದು ಪೆಟ್ಟು. ಇದರ ಪರಾಗ ಶಾಖಕ್ಕೆ ತುಂಬ ಸೂಕ್ಷ್ಮ. ಹಗಲು 32–35 ಡಿಗ್ರಿ ದಾಟಿ, ರಾತ್ರಿ 22–24ರ ಮೇಲೆಯೇ ಉಳಿದರೆ ಪರಾಗದ ಕಣಗಳು ಜೊಳ್ಳಾಗುತ್ತವೆ. ಮುಖ್ಯವಾದ ಸಂಗತಿ ಏನೆಂದರೆ, ಈ ಹಾನಿ ಆಗುವುದು ಹೂವು ಅರಳಿದ ದಿನವಲ್ಲ. ಅರಳುವುದಕ್ಕೆ ಒಂದು, ಒಂದೂವರೆ ವಾರ ಮುಂಚೆ, ಮೊಗ್ಗು ಇನ್ನೂ ಚಿಕ್ಕದಿರುವಾಗ. ಅಂದರೆ ಇವತ್ತು ಉದುರುತ್ತಿರುವ ಹೂವಿನ ಹಣೆಬರಹ ಕಳೆದ ವಾರವೇ ಮುಗಿದಿದೆ. ಇವತ್ತು ಏನು ಸಿಂಪಡಿಸಿದರೂ ಆ ಹೂವು ಉಳಿಯುವುದಿಲ್ಲ. ತೇವದ ಗಾಳಿಯಲ್ಲಿ ಚೆನ್ನಾಗಿರುವ ಪರಾಗವೂ ಅಂಟಂಟಾಗಿ ಮುದ್ದೆಗಟ್ಟಿ ಕೇಸರದೊಳಗೇ ಉಳಿದುಬಿಡುತ್ತದೆ.

ಉದುರುವ ಹೂವನ್ನು ಹತ್ತಿರದಿಂದ ನೋಡಿ. ಟೊಮೆಟೊ ಹೂವಿನ ತೊಟ್ಟಿನ ನಡುವೆ ಬೆರಳಿನ ಗೆಣ್ಣಿನ ಹಾಗೆ ಸ್ವಲ್ಪ ಉಬ್ಬಿದ ಒಂದು ಗಂಟಿರುತ್ತದೆ. ಕಾಯಿ ಕಚ್ಚಿದ ಹೂವಿನಲ್ಲಿ ಅದು ಹಸಿರಾಗಿ ದಪ್ಪವಾಗುತ್ತದೆ, ದಳ ಬಾಡಿದರೂ ತೊಟ್ಟು ಗಟ್ಟಿ. ಕಚ್ಚದ ಹೂವಿನಲ್ಲಿ ಆ ಗಂಟೇ ಮೊದಲು ಹಳದಿಯಾಗುತ್ತದೆ. ಬೆರಳು ತಾಗಿಸಿದರೆ ಸಾಕು, ಅಲ್ಲಿಗೇ ಸರಿಯಾಗಿ ಕಳಚುತ್ತದೆ. ಕತ್ತರಿಸಿದಷ್ಟು ನೀಟಾಗಿ. ಗಿಡವೇ ಬೇಡವೆಂದು ಬಿಡಿಸಿಕೊಂಡದ್ದು ಅದು.

ಹಾಗಾದರೆ ಕರಾವಳಿಯಲ್ಲಿ ಟೊಮೆಟೊ ಬೇಡವೇ? ಬೇಕು, ಆದರೆ ಬೇರೆ ಕಾಲಕ್ಕೆ. ಸೆಪ್ಟೆಂಬರ್ ಕೊನೆಯಲ್ಲೋ ಅಕ್ಟೋಬರ್‌ನಲ್ಲೋ ಬೀಜ ಹಾಕಿದರೆ ಡಿಸೆಂಬರ್, ಜನವರಿಯಲ್ಲಿ ಹೂವು ಬರುತ್ತದೆ. ಆಗ ರಾತ್ರಿ 21 ಡಿಗ್ರಿ ಹತ್ತಿರ ಇರುತ್ತದೆ, ಕಾಯಿ ತಾನಾಗಿಯೇ ಕಚ್ಚುತ್ತದೆ. ಬೇಸಿಗೆಯಲ್ಲೂ ಬೇಕೇ ಬೇಕೆಂದರೆ ಚೆರ್ರಿ ಟೊಮೆಟೊ ಹಾಕಿ. ದೊಡ್ಡ ಕಾಯಿಯ ತಳಿಗಳಿಗಿಂತ ಅದು ಸೆಕೆ ತಡೆಯುತ್ತದೆ. ಬೆಳಗ್ಗೆ ಒಂಬತ್ತು, ಹತ್ತರ ಹೊತ್ತಿಗೆ, ಇಬ್ಬನಿ ಆರಿದ ಮೇಲೆ, ಗೊಂಚಲಿನ ತೊಟ್ಟನ್ನು ಬೆರಳಿನಿಂದ ಮೆಲ್ಲಗೆ ತಟ್ಟಿದರೆ ಪರಾಗ ಉದುರಲು ಸಹಾಯವಾಗುತ್ತದೆ. ಬಂದ ಹಣ್ಣು ಕೆಂಪಾಗದೆ ಕಿತ್ತಳೆ ಬಣ್ಣಕ್ಕೇ ನಿಂತರೆ ಗಾಬರಿ ಬೇಡ. 30 ಡಿಗ್ರಿ ಮೇಲೆ ಕೆಂಪು ಬಣ್ಣದ ಅಂಶ ಸರಿಯಾಗಿ ತಯಾರಾಗುವುದಿಲ್ಲ. ಬಣ್ಣ ತಿರುಗಲು ಶುರುವಾದಾಗಲೇ ಕೊಯ್ದು ಮನೆಯೊಳಗೆ ತಂಪಿರುವ ಮೂಲೆಯಲ್ಲಿಡಿ.

ಎಲೆಕೋಸು, ಹೂಕೋಸು, ಕ್ಯಾರೆಟ್, ಬೀಟ್‌ರೂಟ್, ಬೀನ್ಸ್ ಇವುಗಳದ್ದೂ ಇದೇ ಕಥೆ. ಏಪ್ರಿಲ್‌ನಲ್ಲಿ ಬೀಜ ಕೊಂಡು ಹಣ ಕಳೆಯಬೇಡಿ.

ಸೆಕೆಗೆಂದೇ ಹುಟ್ಟಿದವು

ಕರಾವಳಿಯ ಅಡುಗೆಮನೆಯಲ್ಲಿ ಬೇಸಿಗೆಗೆ ಯಾವ ತರಕಾರಿ ಬರುತ್ತಿತ್ತೋ ಅದನ್ನೇ ಬೆಳೆಯಿರಿ ಎನ್ನುವುದು ನನ್ನ ಖಚಿತ ಅಭಿಪ್ರಾಯ. ಹರಿವೆ, ಬಸಳೆ, ಅಲಸಂಡೆ, ಬೆಂಡೆ, ತೊಂಡೆ, ಹೀರೆ, ಪಡವಲ, ಹಾಗಲ, ಸೌತೆ, ಕುಂಬಳ. ಇದು ಹಳೆಯದರ ಮೇಲಿನ ವ್ಯಾಮೋಹದಿಂದ ಹೇಳುವ ಮಾತಲ್ಲ. ಈ ಗಿಡಗಳ ಒಳಗಿನ ವ್ಯವಸ್ಥೆಯೇ ಬೇರೆ.

ಹರಿವೆಯನ್ನೇ ತೆಗೆದುಕೊಳ್ಳಿ. ಗಾಳಿಯಲ್ಲಿನ ಇಂಗಾಲದ ಡೈಆಕ್ಸೈಡ್ ಹಿಡಿಯಲು ಎಲೆಯಲ್ಲಿ ಒಂದು ಕಿಣ್ವ ಇರುತ್ತದೆ. ಸೆಕೆ ಏರಿದ ಹಾಗೆ ಆ ಕಿಣ್ವ ಇಂಗಾಲದ ಬದಲು ಆಮ್ಲಜನಕವನ್ನು ಹಿಡಿಯುವುದು ಜಾಸ್ತಿಯಾಗುತ್ತದೆ, ಗಿಡದ ದುಡಿಮೆ ಪೋಲಾಗುತ್ತದೆ. ಟೊಮೆಟೊ, ಬೀನ್ಸ್, ಪಾಲಕ್‌ಗಳಿಗೆಲ್ಲ ಈ ನಷ್ಟ ಇದ್ದೇ ಇದೆ. ಹರಿವೆಯ ಎಲೆಯಲ್ಲಿ ಇಂಗಾಲದ ಡೈಆಕ್ಸೈಡನ್ನು ಮೊದಲೇ ಒಟ್ಟುಗೂಡಿಸಿ ಆ ಕಿಣ್ವದ ಎದುರಿಗೇ ತಂದು ನಿಲ್ಲಿಸುವ ಇನ್ನೊಂದು ಏರ್ಪಾಡಿದೆ. ಹಾಗಾಗಿ ತಪ್ಪು ಹಿಡಿಯುವ ಪ್ರಶ್ನೆಯೇ ಬಹುಮಟ್ಟಿಗೆ ಬರುವುದಿಲ್ಲ. ಸಿ-4 ಗಿಡಗಳು ಎಂದು ಕರೆಯುವುದು ಇವನ್ನೇ. ಜೋಳ, ರಾಗಿ, ಕಬ್ಬು ಎಲ್ಲ ಇದೇ ಗುಂಪು. ಸೊಪ್ಪಿನ ಪೈಕಿ ಈ ಶಕ್ತಿ ಇರುವುದು ಅಪರೂಪ. ಬೇರೆ ಸೊಪ್ಪು ಮುದುಡುವ ಏಪ್ರಿಲ್ ಬಿಸಿಲಿನಲ್ಲಿ ಹರಿವೆ ಬಿತ್ತಿದ 25–30 ದಿನಕ್ಕೆ ಕೊಯ್ಲಿಗೆ ಬರುವುದು ಇದರಿಂದಲೇ.

ಹರಿವೆ ಬೀಜ ಸಾಸಿವೆಗಿಂತ ಸಣ್ಣದು. ಸುಮ್ನೆ ಎರಚಿದರೆ ಒಂದು ಕಡೆ ದಟ್ಟ, ಇನ್ನೊಂದು ಕಡೆ ಖಾಲಿ. ಮೇಲಿಂದ ಇರುವೆ ಬೇರೆ ಹೊತ್ತೊಯ್ಯುತ್ತದೆ. ಬೀಜಕ್ಕೆ ಒಂದಿಷ್ಟು ರವೆ ಬೆರೆಸಿ ಎರಚಿದರೆ ಎರಡೂ ಸರಿಹೋಗುತ್ತದೆ. ಹರಡುವುದು ಸಮವಾಗುತ್ತದೆ, ಇರುವೆಗೆ ರವೆ ಸಿಕ್ಕಿ ಬೀಜ ಉಳಿಯುತ್ತದೆ. ಕೆಂಪು ಹರಿವೆಗೆ ತೇವದ ಹವೆಯಲ್ಲಿ ಎಲೆ ಚುಕ್ಕೆ ರೋಗ ಬೇಗ ಬರುತ್ತದೆ, ಹಸಿರು ಹರಿವೆ ಅದನ್ನು ಚೆನ್ನಾಗಿ ತಡೆಯುತ್ತದೆ. ಎರಡನ್ನೂ ಬೆರೆಸಿ ಬಿತ್ತಿದರೆ ರೋಗ ಒಂದರಿಂದೊಂದಕ್ಕೆ ಹಾರುವುದು ಕಡಿಮೆಯಾಗುತ್ತದೆ. ನೀರನ್ನು ಎಲೆ ಮೇಲೆ ಸುರಿಯದೆ ಬುಡಕ್ಕೆ ಹರಿಸಿ. ಮಣ್ಣು ಸಿಡಿದು ಎಲೆಗೆ ತಾಗುವುದೇ ಚುಕ್ಕೆಗೆ ದಾರಿ.

ಬಸಳೆಗೆ ಬೀಜವೂ ಬೇಡ. ಪಕ್ಕದ ಮನೆಯ ಚಪ್ಪರದಿಂದ ಬಲಿತ ದಂಟಿನ ಒಂದು ಗೇಣು ತುಂಡು ತನ್ನಿ, ಎರಡು ಗಂಟು ಮಣ್ಣಿನೊಳಗೆ ಹೋಗುವಂತೆ ಓರೆಯಾಗಿ ಊರಿ. ಗಂಟಿನಿಂದ ಬೇರು, ಎಲೆಯ ಬುಡದಿಂದ ಹೊಸ ಕುಡಿ. ತೇವ ಸದಾ ಇರಬೇಕು, ಆದರೆ ನೀರು ನಿಲ್ಲಬಾರದು. ಹಳೆಯ ಮನೆಗಳಲ್ಲಿ ಬಚ್ಚಲ ನೀರು ಹರಿದು ಹೋಗುವ ದಾರಿಯಲ್ಲೇ ಬಸಳೆ ಚಪ್ಪರ ಇರುತ್ತಿದ್ದದ್ದು ಇದಕ್ಕೇ. ಈಗಿನ ಬಚ್ಚಲಲ್ಲಿ ಬಟ್ಟೆ ಸೋಪು, ನೆಲ ಒರೆಸುವ ರಾಸಾಯನಿಕ ಎಲ್ಲ ಹರಿಯುವುದರಿಂದ ಅದನ್ನು ಬಿಡುವುದೇ ಒಳ್ಳೆಯದು. ಅಕ್ಕಿ, ತರಕಾರಿ ತೊಳೆದ ನೀರು ಸಾಕು. ಎಲೆಯಲ್ಲಿ ಕೆಂಪು ಅಂಚಿನ ದುಂಡು ಚುಕ್ಕೆ ಕಂಡರೆ ಆ ಎಲೆಗಳನ್ನು ಆಗಲೇ ಕಿತ್ತು ಹಾಕಿ, ಬಳ್ಳಿಯನ್ನು ಚಪ್ಪರದ ಮೇಲೆ ಸ್ವಲ್ಪ ಬಿಡಿಸಿ ಹರಡಿ. ದಂಟು ಬೆರಳು ದಪ್ಪ ಆದಾಗ ಕೊಯ್ದರೆ ಮೇ ತಿಂಗಳ ಹಲಸಿನ ಬೀಜದ ಜೊತೆ ಸಾರಿಗೆ ಸರಿಯಾದ ಜೋಡಿ.

ಬೆಂಡೆ ತನ್ನ ಹೂವಿನಲ್ಲೇ ಪರಾಗಸ್ಪರ್ಶ ಮಾಡಿಕೊಳ್ಳುತ್ತದೆ, ಜೇನಿಗಾಗಿ ಕಾಯಬೇಕಿಲ್ಲ. ಬೀಜವನ್ನು ರಾತ್ರಿ ನೆನೆಸಿ ಬೆಳಗ್ಗೆ ಊರಿದರೆ ಬಿಸಿ ಮಣ್ಣಿನಲ್ಲಿ ಬೇಗ ಮೊಳೆಯುತ್ತದೆ. ಇದರ ದೊಡ್ಡ ಶತ್ರು ಬಿಳಿನೊಣ ತರುವ ಹಳದಿ ನಂಜು. ಎಲೆಯ ನರಗಳು ಹಳದಿ ಬಲೆಯಂತೆ ಎದ್ದು ಕಾಣುತ್ತವೆ, ಕಾಯಿ ಬಿಳಿಚಿಕೊಳ್ಳುತ್ತದೆ. ಬಂದ ಮೇಲೆ ಮದ್ದಿಲ್ಲ, ಗಿಡ ಕಿತ್ತು ಹಾಕಬೇಕು. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ಅನಾಮಿಕಾ ಈ ನಂಜನ್ನು ತಡೆಯಲೆಂದೇ ಮಾಡಿದ ತಳಿ. ಅಲಸಂಡೆಗೂ ಸೆಕೆ ಇಷ್ಟ. ಕುಡಿಯಲ್ಲಿ ಕಪ್ಪು ಹೇನು ಮುತ್ತಿದರೆ ನೀರನ್ನು ರಭಸವಾಗಿ ಹಾರಿಸಿ ಬೀಳಿಸಿ. ಹೇನಿನ ಸಿಹಿರಸಕ್ಕೆ ಬರುವ ಇರುವೆಗಳೇ ಅವನ್ನು ಕಾಯುತ್ತವೆ, ಹಾಗಾಗಿ ಇರುವೆ ಹತ್ತುವ ದಾರಿಯನ್ನೂ ತಪ್ಪಿಸಬೇಕು.

ಯಾವ ಹೂವು ಎಷ್ಟು ಹೊತ್ತಿಗೆ

ಬಳ್ಳಿ ತರಕಾರಿಗಳಲ್ಲಿ ಗಂಡು ಹೂವು, ಹೆಣ್ಣು ಹೂವು ಬೇರೆ ಬೇರೆ. ಹೆಣ್ಣು ಹೂವಿನ ಹಿಂದೆ ಪುಟ್ಟ ಕಾಯಿ ಇರುತ್ತದೆ, ಗಂಡಿನ ಹಿಂದೆ ಬರೀ ತೊಟ್ಟು. ಮೊದಲ ಒಂದೆರಡು ವಾರ ಗಂಡು ಹೂವುಗಳೇ ಬರುತ್ತವೆ. ಶಾಖ ಹೆಚ್ಚಾದಷ್ಟೂ, ಸಾರಜನಕದ ಗೊಬ್ಬರ ಹೆಚ್ಚಾದಷ್ಟೂ ಗಂಡಿನ ಸಂಖ್ಯೆ ಜಾಸ್ತಿ. ಎಲ್ಲ ಉದುರಿತು ಎಂದು ಈ ಹಂತದಲ್ಲಿ ಬಳ್ಳಿ ಕೀಳಬೇಡಿ.

ಹೆಣ್ಣು ಹೂವು ಬಂದ ಮೇಲೂ ಪುಟ್ಟ ಕಾಯಿ ಹಳದಿಯಾಗಿ ಮುರುಟಿದರೆ ಪರಾಗ ತಲುಪಿಲ್ಲ ಎಂದರ್ಥ. ಮೂರನೇ ಮಹಡಿಯ ತಾರಸಿಗೆ ಜೇನು ಬರುವುದು ಕಡಿಮೆ. ಕೈಯಿಂದ ಪರಾಗ ಮುಟ್ಟಿಸಬಹುದು, ಆದರೆ ಹೊತ್ತು ಗೊತ್ತಿರಬೇಕು. ಸೌತೆ, ಹಾಗಲ, ಸಿಹಿಗುಂಬಳ ಬೆಳಗ್ಗೆ ಬೇಗ ಅರಳುತ್ತವೆ. ಸಿಹಿಗುಂಬಳದ ಕೆಲಸವನ್ನು ಎಂಟು ಗಂಟೆಯೊಳಗೆ ಮುಗಿಸಿ, ಆಮೇಲೆ ಸೆಕೆಗೆ ಪರಾಗದ ಕಸುವು ಇಳಿಯುತ್ತದೆ. ಹೀರೆ ಮತ್ತು ಸೋರೆ ಅರಳುವುದು ಸಂಜೆ. ಪಡವಲ ಕತ್ತಲಾದ ಮೇಲೆ ನೂಲಿನಂಥ ಬಿಳಿ ಅಂಚು ಬಿಚ್ಚಿಕೊಂಡು ಅರಳುತ್ತದೆ, ಅದಕ್ಕೆ ಪತಂಗಗಳು ಬರುತ್ತವೆ. ಬೆಳಗ್ಗೆ ಎದ್ದು ಹೀರೆ ಬಳ್ಳಿಗೆ ಪರಾಗ ಮುಟ್ಟಿಸಲು ಹೋದರೆ ಸಿಗುವುದು ಬಾಡುತ್ತಿರುವ ಹೂವು.

ಮಾಡುವ ಕ್ರಮ ಸುಲಭ. ಅದೇ ಹೊತ್ತಿಗೆ ಅರಳಿದ ಗಂಡು ಹೂವು ಕಿತ್ತು, ದಳಗಳನ್ನು ಹಿಂದಕ್ಕೆ ಮಡಚಿ, ನಡುವಿನ ಹಳದಿ ಪುಡಿಯನ್ನು ಹೆಣ್ಣು ಹೂವಿನ ನಡುವಿನ ಅಂಟು ಭಾಗಕ್ಕೆ ಮೆಲ್ಲಗೆ ಒತ್ತಿ ಸವರಬೇಕು. ಮೂರ್ನಾಲ್ಕು ದಿನದಲ್ಲಿ ಕಾಯಿ ಹಸಿರಾಗಿ ಕೆಳಗೆ ಬಾಗಿದರೆ ಕೆಲಸ ಆಗಿದೆ. ಈ ಯಾವ ರಗಳೆಯೂ ಬೇಡವೆಂದರೆ ತೊಂಡೆ ಹಾಕಿ. ನಾವು ಮನೆಯಲ್ಲಿ ಬೆಳೆಯುವುದು ದಂಟಿನಿಂದ ಮಾಡಿದ ಹೆಣ್ಣು ಬಳ್ಳಿ, ಪರಾಗವಿಲ್ಲದೆಯೂ ಅದು ಕಾಯಿ ಬಿಡುತ್ತದೆ.

ಕಾಯಿ ಕಚ್ಚಿದ ಕೂಡಲೇ ಹಣ್ಣು ನೊಣ ಕಾದಿರುತ್ತದೆ. ಎಳೆಗಾಯಿಯ ಸಿಪ್ಪೆ ಚುಚ್ಚಿ ಒಳಗೆ ಮೊಟ್ಟೆ ಇಡುತ್ತದೆ. ಚುಚ್ಚಿದ ಜಾಗದಲ್ಲಿ ಅಂಟಿನ ಹನಿ ಕಾಣುತ್ತದೆ, ಕಾಯಿ ಅಲ್ಲಿಂದ ಸೊಟ್ಟಗಾಗಿ ಕೊಳೆಯುತ್ತದೆ. ಹುಳು ಒಳಗಿರುವುದರಿಂದ ಮೇಲೆ ಹೊಡೆದ ಮದ್ದು ತಾಗುವುದಿಲ್ಲ. ಮನೆತೋಟಕ್ಕೆ ನಾನು ಹೇಳುವುದು ಒಂದೇ, ಹೂವು ಬಾಡಿದ ಎರಡು ಮೂರು ದಿನದೊಳಗೆ ಕಾಯಿಗೆ ಪೇಪರ್ ಚೀಲವನ್ನೋ ತೆಳು ಬಟ್ಟೆಯನ್ನೋ ಕಟ್ಟಿ. ವಾಸನೆಯಿಂದ ನೊಣ ಸೆಳೆಯುವ ಕ್ಯೂ-ಲ್ಯೂರ್ ಬಲೆ ತೂಗಿದರೆ ಗಂಡು ನೊಣಗಳು ಬೀಳುತ್ತವೆ, ಮೊಟ್ಟೆ ಇಡುವ ಹೆಣ್ಣು ಬೀಳುವುದಿಲ್ಲ. ಹಾಗಾಗಿ ಬಲೆಯೊಂದನ್ನೇ ನಂಬಬೇಡಿ. ಕೊಳೆತ ಕಾಯಿಗಳನ್ನು ಗೊಬ್ಬರದ ಗುಂಡಿಗೆ ಎಸೆದರೆ ಅಲ್ಲಿಂದಲೇ ಹೊಸ ನೊಣ ಏಳುತ್ತದೆ. ಪ್ಲಾಸ್ಟಿಕ್ ಚೀಲದಲ್ಲಿ ಗಟ್ಟಿಯಾಗಿ ಕಟ್ಟಿ ಬಿಸಿಲಿಗಿಡಿ.

ಬೇರಿನ ಕಡೆ

ಕಾಂಕ್ರೀಟ್ ತಾರಸಿ ಹಗಲು ಹೀರಿದ ಶಾಖವನ್ನು ರಾತ್ರಿ ಬಿಡುತ್ತದೆ. ಮೊದಲೇ ಸೆಕೆಯ ರಾತ್ರಿ, ಅದರ ಮೇಲೆ ಇದೊಂದು. ಗಿಡ ನೆಟ್ಟ ಚೀಲಗಳನ್ನು ನೇರವಾಗಿ ನೆಲದ ಮೇಲೆ ಇಡದೆ ಇಟ್ಟಿಗೆಯ ಮೇಲೋ ಮರದ ಹಲಗೆಯ ಮೇಲೋ ಎತ್ತಿಡಿ. ಅಡಿಯಲ್ಲಿ ಗಾಳಿ ಓಡಾಡಿದರೆ ಬೇರು ತಣ್ಣಗಿರುತ್ತದೆ, ನೀರೂ ಬಸಿಯುತ್ತದೆ. ಕಪ್ಪು ಚೀಲಕ್ಕಿಂತ ಬಿಳಿಯದು ಒಳ್ಳೆಯದು. ಕಪ್ಪೇ ಇದ್ದರೆ ಹಳೆಯ ಗೋಣಿ ಸುತ್ತಿ.

ಮಣ್ಣಿನ ಮೇಲೆ ಮೂರು ಬೆರಳು ದಪ್ಪ ತರಗೆಲೆ, ಅಡಿಕೆ ಸೋಗೆಯ ತುಂಡು ಅಥವಾ ತೆಂಗಿನ ಸಿಪ್ಪೆ ಹಾಸಿದರೆ ಮಣ್ಣು ಬಿಸಿಯಾಗುವುದು ಕಡಿಮೆ, ಸಿಡಿಯುವುದೂ ಇಲ್ಲ. ಕಾಂಡಕ್ಕೆ ತಾಗದಂತೆ ಎರಡು ಬೆರಳು ಬಿಟ್ಟು ಹಾಸಬೇಕು. ತಾಗಿದರೆ ತೇವಕ್ಕೆ ಬುಡ ಕೊಳೆಯುತ್ತದೆ.

ಕರಾವಳಿಯ ಮುರಕಲ್ಲು ಮಣ್ಣು ಹುಳಿ ಮಣ್ಣು, ಅಂದರೆ ಆಮ್ಲದ ಅಂಶ ಜಾಸ್ತಿ. ಜಡಿಮಳೆಗೆ ಸುಣ್ಣದ ಅಂಶವೆಲ್ಲ ತೊಳೆದು ಹೋಗಿರುತ್ತದೆ. ನಾಟಿಗೆ ಎರಡು ವಾರ ಮುಂಚೆ ಸ್ವಲ್ಪ ಕೃಷಿ ಸುಣ್ಣ ಬೆರೆಸಿ. ಒಲೆಯ ಬೂದಿಯಿದ್ದರೆ ಅದೂ ಹುಳಿ ಇಳಿಸುತ್ತದೆ, ಪೊಟ್ಯಾಷ್ ಕೂಡ ಕೊಡುತ್ತದೆ. ಹಳಬರು ತರಗೆಲೆ, ಕಡ್ಡಿಗಳ ರಾಶಿಯ ಮೇಲೆ ಮಣ್ಣು ಮುಚ್ಚಿ ನಿಧಾನವಾಗಿ ಸುಟ್ಟು ಸುಡುಮಣ್ಣು ಮಾಡುತ್ತಿದ್ದರು. ಅದರಲ್ಲಿ ಬೂದಿ ಸೇರಿರುತ್ತದೆ, ಕಳೆ ಬೀಜ ಮತ್ತು ರೋಗಾಣುಗಳೂ ಸತ್ತಿರುತ್ತವೆ. ಊರಿನ ಮನೆಯಲ್ಲಿ ಇನ್ನೂ ಸಿಗುತ್ತದೆಂದರೆ ಒಂದು ಚೀಲ ತಂದಿಟ್ಟುಕೊಳ್ಳಿ. ಚೀಲ ತುಂಬುವಾಗ ತೆಂಗಿನ ನಾರಿನ ಪುಡಿಯನ್ನು ಜಾಸ್ತಿ ಹಾಕುವ ಅಭ್ಯಾಸ ಒಣ ಊರಿಗೆ ಸರಿ, ಇಲ್ಲಿ ಅದು ನೀರು ಹಿಡಿದಿಟ್ಟು ಬೇರಿನ ಉಸಿರು ಕಟ್ಟಿಸುತ್ತದೆ.

ನೀರು ಬೆಳಗ್ಗೆ ಕೊಡಿ. ಸಂಜೆ ಎಲೆ ನೆನೆದರೆ ರಾತ್ರಿಯಿಡೀ ಒದ್ದೆ, ಸೌತೆ ಬಳ್ಳಿಯ ಬೂಜು ರೋಗಕ್ಕೆ ಅಷ್ಟು ಹೊತ್ತಿನ ಒದ್ದೆಯೇ ಬೇಕಾದ್ದು. ಮಧ್ಯಾಹ್ನ ಎಲೆ ಜೋತುಬಿದ್ದರೆ ಓಡಿಹೋಗಿ ನೀರು ಸುರಿಯಬೇಡಿ. ಎರಡು ಅಂಗುಲ ಆಳಕ್ಕೆ ಬೆರಳು ಚುಚ್ಚಿ ನೋಡಿ. ತೇವವಿದ್ದರೆ ಬಿಡಿ, ಸಂಜೆಗೆ ಎಲೆ ತಾನಾಗಿ ಏಳುತ್ತದೆ. ಮೇಲಿಂದ ಮೇಲೆ ನೀರು ಹಾಕಿ ಬೇರು ಕೊಳೆತ ಗಿಡವೂ ಹೀಗೇ ಬಾಡುತ್ತದೆ. ಚೀಲಕ್ಕೆ ದಿನಾ ನೀರು ಹಾಕುವಾಗ ಗೊಬ್ಬರವೂ ತೊಳೆದು ಹೋಗುವುದರಿಂದ ಒಮ್ಮೆಲೇ ಜಾಸ್ತಿ ಹಾಕುವುದಕ್ಕಿಂತ, ನೆನೆಸಿದ ಕಡಲೆಹಿಂಡಿಯ ತಿಳಿಯನ್ನು ಹತ್ತು ಪಟ್ಟು ನೀರು ಬೆರೆಸಿ ಹತ್ತು ದಿನಕ್ಕೊಮ್ಮೆ ಸ್ವಲ್ಪ ಸ್ವಲ್ಪ ಕೊಡಿ.

ಸಂಜೆಗೂ ಏಳದ ಗಿಡ

ಬದನೆ, ಟೊಮೆಟೊ, ಮೆಣಸಿನ ಗಿಡ ಹಸಿರಾಗಿರುವಾಗಲೇ ಕುಡಿಯಿಂದ ಬಾಡಲು ಶುರುವಾಗಿ, ಸಂಜೆಯೂ ಚೇತರಿಸದೆ, ಕೆಲವೇ ದಿನದಲ್ಲಿ ಸತ್ತರೆ ಅದು ಸೊರಗು ರೋಗ ಇರಬಹುದು. ಬಿಸಿ, ಒದ್ದೆ, ಹುಳಿ ಮಣ್ಣು ಮೂರೂ ಸೇರಿದ ಕಡೆ ಈ ಬ್ಯಾಕ್ಟೀರಿಯಾ ಚೆನ್ನಾಗಿ ಬೆಳೆಯುತ್ತದೆ. ಕರಾವಳಿಯಲ್ಲಿ ಮೂರೂ ಇವೆ.

ಮನೆಯಲ್ಲೇ ಪರೀಕ್ಷೆ ಮಾಡಬಹುದು. ಬಾಡಿದ ಗಿಡದ ಕಾಂಡವನ್ನು ಬುಡದಿಂದ ಎರಡು ಅಂಗುಲ ಮೇಲೆ ಕತ್ತರಿಸಿ. ಗಾಜಿನ ಲೋಟದಲ್ಲಿ ತಿಳಿ ನೀರು ತುಂಬಿ, ಕಾಂಡದ ತುಂಡಿನ ಕತ್ತರಿಸಿದ ತುದಿ ನೀರಿಗೆ ತಾಗುವಂತೆ ಹಿಡಿದು ಅಲುಗಾಡಿಸದೆ ಬಿಡಿ. ಕೆಲವೇ ನಿಮಿಷದಲ್ಲಿ ಆ ತುದಿಯಿಂದ ಹಾಲಿನ ಬಣ್ಣದ ಎಳೆ ನೂಲಿನಂತೆ ನೀರಿಗಿಳಿದರೆ ಸೊರಗು ರೋಗವೇ. ನೀರು ಸಾಗಬೇಕಾದ ನಾಳಗಳನ್ನು ಬ್ಯಾಕ್ಟೀರಿಯಾ ತುಂಬಿಕೊಂಡಿರುತ್ತದೆ, ಮಣ್ಣಿನಲ್ಲಿ ನೀರಿದ್ದರೂ ಗಿಡ ಬಾಯಾರಿ ಸಾಯುತ್ತದೆ. ಎಳೆ ಕಾಣದಿದ್ದರೆ ಬೇರು ಕೊಳೆತಿದೆಯೇ ಎಂದು ಕಿತ್ತು ನೋಡಿ.

ಇದಕ್ಕೆ ಮದ್ದಿಲ್ಲ. ಗಿಡವನ್ನು ಬೇರು, ಬುಡದ ಮಣ್ಣು ಸಮೇತ ತೆಗೆದು ಸುಡಿ. ಕತ್ತರಿಸಿದ ಚಾಕು, ಕೈ ಎರಡನ್ನೂ ಸೋಪು ಹಾಕಿ ತೊಳೆಯಿರಿ. ಆ ನೀರು ಪಕ್ಕದ ಗಿಡಕ್ಕೆ ಹರಿಯಬಾರದು, ರೋಗ ಹರಡುವುದೇ ನೀರಿನ ಜೊತೆ. ಮಣ್ಣಿನಲ್ಲಿ ಅದು ವರ್ಷಗಟ್ಟಲೆ ಉಳಿಯುತ್ತದೆ, ಅದೇ ಜಾಗದಲ್ಲಿ ಮತ್ತೆ ಬದನೆ, ಟೊಮೆಟೊ ಬೇಡ. ಹರಿವೆ, ಬಸಳೆ, ಅಲಸಂಡೆ ಹಾಕಿ. ಬದನೆ ಬಿಡಲಾಗದವರಿಗೆ ಒಂದು ದಾರಿಯಿದೆ. ಸುಂಡೆಕಾಯಿ ಗಿಡದ ಬೇರು ಈ ರೋಗವನ್ನು ತಡೆಯುತ್ತದೆ. ಅದರ ಮೇಲೆ ಬದನೆ ಕಸಿ ಕಟ್ಟಿದರೆ ಗಿಡ ವರ್ಷ ದಾಟಿಯೂ ಕಾಯಿ ಕೊಡುತ್ತದೆ, ಕೆಲವು ನರ್ಸರಿಗಳಲ್ಲಿ ಕಸಿ ಗಿಡವೇ ಸಿಗುತ್ತದೆ. ಚಳಿಗಾಲದ ಟೊಮೆಟೊಗೆ ಅರ್ಕಾ ರಕ್ಷಕ್ ನೋಡಿ. ಹೆಸರಘಟ್ಟದ್ದೇ ತಳಿ, ಸೊರಗು ರೋಗ, ಎಲೆ ಮುರುಟು ನಂಜು, ಎಲೆ ಅಂಗಮಾರಿ ಮೂರಕ್ಕೂ ತಡೆ ಇದೆ.

ಮೇ ಕೊನೆಯ ವಾರ

ಸೆಕೆ ತುತ್ತತುದಿಗೆ ಏರಿದಾಗಲೇ ಮಳೆಗಾಲದ ತಯಾರಿ ಶುರುವಾಗಬೇಕು. ತುಳುನಾಡಿನಲ್ಲಿ ಬೇಶ ತಿಂಗಳ ಹತ್ತನೇ ದಿನ ಪತ್ತನಾಜೆ ಎಂಬ ಆಚರಣೆ, ಅಂದರೆ ಮೇ 24ರ ಸುಮಾರಿಗೆ. ಮಳೆಗಾಲದ ತರಕಾರಿ ಬೀಜ ಹಾಕುವುದು ಅದರ ಹೊತ್ತಿಗೇ. ಲೆಕ್ಕ ಸರಿಯಾಗಿದೆ. ಜೂನ್ ಮೊದಲ ವಾರ ಜಡಿಮಳೆ ಹಿಡಿಯುವಷ್ಟರಲ್ಲಿ ಸಸಿಗೆ ನಾಲ್ಕೆಲೆ ಬಂದು ಬೇರು ಹಿಡಿದಿರುತ್ತದೆ. ತಡವಾದರೆ ಬೀಜ ಮಣ್ಣಿನಲ್ಲೇ ಕೊಳೆಯುತ್ತದೆ.

ಬೆಂಡೆ, ಹೀರೆ, ಮುಳ್ಳುಸೌತೆ, ಪಡವಲವನ್ನು ಒಂದು ಗೇಣಾದರೂ ಎತ್ತರದ ದಿಬ್ಬದ ಮೇಲೆ ಹಾಕಿ. ಚೀಲಗಳ ತಳದ ತೂತು ಬೇರಿನಿಂದ ಮುಚ್ಚಿಹೋಗಿದ್ದರೆ ಕಡ್ಡಿ ಚುಚ್ಚಿ ಬಿಡಿಸಿ. ಬೇಸಿಗೆಯ ಚಪ್ಪರ ಒಣ ಬಳ್ಳಿಯ ಭಾರಕ್ಕೆ ಕಟ್ಟಿದ್ದು, ಮಳೆಯಲ್ಲಿ ನೆನೆದ ಬಳ್ಳಿ ಅದಕ್ಕಿಂತ ತುಂಬ ಭಾರ, ಜೊತೆಗೆ ಗಾಳಿ ಬೇರೆ. ಹಳೆಯ ಹಗ್ಗ ಬಿಚ್ಚಿ, ಕಂಬಗಳನ್ನು ಇನ್ನೊಂದು ಮೊಳ ಆಳಕ್ಕೆ ಊರಿ, ಅಡ್ಡಗಳಗಳನ್ನು ಹೊಸದಾಗಿ ಬಿಗಿಯಿರಿ. ಬೀಜ ಹಾಕುವ ಮೊದಲೇ ಇದು ಮುಗಿದಿರಲಿ. ಬಳ್ಳಿ ಹಬ್ಬಿದ ಮೇಲೆ ಕಂಬ ಮುಟ್ಟಲು ಹೋದರೆ ಕುಡಿಗಳು ಮುರಿಯುತ್ತವೆ.